ಓದುಗರ ಪ್ರಶ್ನೆ: ನಯಸ್ನಾಯುವಿನ ಬೀಗ ಎಲ್ಲಿದೆ?

ಈ ಸಲ ಕಾಸರಗೋಡಿನ ಕಡೆಯಿಂದ ಬಂದ ಆರು ಪತ್ರಗಳನ್ನು ಒಟ್ಟಿಗೆ ಎತ್ತಿಕೊಂಡಿದ್ದೇನೆ. ಒಂದು ಪತ್ರದಲ್ಲಿರುವುದು ಪಾಠದ ಸಂಶಯ, ಇನ್ನೊಂದರಲ್ಲಿ ರಕ್ತನಾಳ ಏಕೆ ಸೋಲುವುದಿಲ್ಲವೆಂಬ ಕುತೂಹಲ. ಉಳಿದವುಗಳಲ್ಲಿ ದಮ್ಮಿನ ಪಂಪು, ಬಿಪಿ ಮಾತ್ರೆ, ಎದೆನೋವು, ಹೊಟ್ಟೆನೋವುಗಳ ವಿಚಾರವಿದೆ. ಎಲ್ಲವೂ ಸುತ್ತಿ ಬಂದು ನಿಲ್ಲುವುದು ಒಂದೇ ಸ್ನಾಯುವಿನ ಎದುರಿನಲ್ಲಾದ್ದರಿಂದ ಮೊದಲನೆಯ ಉತ್ತರವನ್ನು ವಿಸ್ತಾರವಾಗಿ ಬರೆದಿದ್ದೇನೆ. ಉಳಿದ ಪತ್ರಗಳವರು ಅದನ್ನು ಓದಿಕೊಂಡು ತಮ್ಮ ಉತ್ತರಕ್ಕೆ ಬಂದರೆ ಅನುಕೂಲ.

ಪ್ರಶ್ನೆ: ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಪ್ಲಸ್ ವನ್‌ನಲ್ಲಿ ಇಂಗ್ಲಿಷ್ ಪುಸ್ತಕ ಹಿಡಿದಿದ್ದೇನೆ. ಕ್ಯಾಲ್ಸಿಯಂ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿದಾಗ ಸ್ನಾಯು ಸಂಕುಚಿಸುತ್ತದೆ ಎಂದು ಅದರಲ್ಲಿದೆ. ಆದರೆ ಕರುಳು, ರಕ್ತನಾಳಗಳ ಸ್ನಾಯುವಿನಲ್ಲಿ ಟ್ರೋಪೋನಿನ್ನೇ ಇಲ್ಲವೆಂದು ನಮ್ಮ ಟೀಚರು ಹೇಳಿದರು. ಹಾಗಾದರೆ ಅಲ್ಲಿ ಕ್ಯಾಲ್ಸಿಯಂಗೆ ಏನು ಕೆಲಸ?
– ವಿದ್ಯಾರ್ಥಿನಿ, ಕುಂಬಳೆ

ಉತ್ತರ: ನಿಮ್ಮ ಟೀಚರು ಹೇಳಿದ್ದು ಸರಿ. ಮೊದಲು ಹೆಸರಿನ ಗೊಂದಲವನ್ನು ಬಗೆಹರಿಸಿಕೊಳ್ಳೋಣ. ನಿಮ್ಮ ಪುಸ್ತಕದ ಸ್ಮೂತ್ ಮಸಲನ್ನು ಕನ್ನಡದಲ್ಲಿ ಕೆಲವರು ಮೃದುಸ್ನಾಯು ಎಂದೂ ಕೆಲವರು ಅನೈಚ್ಛಿಕ ಸ್ನಾಯು ಎಂದೂ ಬರೆಯುತ್ತಾರೆ. ಹೆರಿಗೆಯ ನೋವಿನ ಹೊತ್ತಿನಲ್ಲಿ ತಾಯಿಯ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದವರು ಆ ಸ್ನಾಯುವನ್ನು ಮೃದುವೆಂದು ಎಂದೂ ಕರೆಯಲಾರರು. ಸೂಕ್ಷ್ಮದರ್ಶಕದಲ್ಲಿ ಅಡ್ಡಪಟ್ಟೆಗಳಿಲ್ಲದೆ ನಯವಾಗಿ ಕಾಣುತ್ತದೆ ಎಂಬುದಷ್ಟೇ ಆ ಹೆಸರಿನ ಅರ್ಥ. ಆದ್ದರಿಂದ ನಾನು ಇದನ್ನು ನಯಸ್ನಾಯು ಎಂದೂ ಕೈಕಾಲುಗಳದ್ದನ್ನು ಪಟ್ಟೆಸ್ನಾಯು ಎಂದೂ ಕರೆಯುತ್ತೇನೆ.

ಎರಡರಲ್ಲಿಯೂ ಎಳೆಯುವುದು ಮಯೋಸಿನ್ ಎಂಬ ಪ್ರೋಟೀನು, ಎಳೆಸಿಕೊಳ್ಳುವುದು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನು. ವ್ಯತ್ಯಾಸವಿರುವುದು ಬೀಗ ಯಾವುದರ ಮೇಲಿದೆ ಎಂಬುದರಲ್ಲಿ. ಪಟ್ಟೆಸ್ನಾಯುವಿನಲ್ಲಿ ಬೀಗ ಆಕ್ಟಿನ್ ಎಳೆಯ ಮೇಲಿದೆ: ಮಯೋಸಿನ್ ಹಿಡಿಯಬೇಕಾದ ಜಾಗವನ್ನು ಟ್ರೋಪೊಮಯೋಸಿನ್ ಎಂಬ ಎಳೆ ಮುಚ್ಚಿಕೊಂಡಿರುತ್ತದೆ, ಕ್ಯಾಲ್ಸಿಯಂ ಬಂದು ಟ್ರೋಪೋನಿನ್‌ಗೆ ಅಂಟಿದೊಡನೆ ಆ ಮರೆ ಸರಿಯುತ್ತದೆ. 1960ರ ದಶಕದಲ್ಲಿ ಜಪಾನಿನ ಸೆತ್ಸುರೊ ಎಬಾಶಿ ಈ ಟ್ರೋಪೋನಿನ್ನನ್ನು ಕಂಡುಹಿಡಿದ ಮೇಲೆ ಸ್ನಾಯುವೆಂದರೆ ಇಷ್ಟೇ ಎಂಬ ಭಾವನೆ ಪಠ್ಯಪುಸ್ತಕಗಳಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ನಯಸ್ನಾಯುವಿನಲ್ಲಿಯಾದರೋ ಬೀಗ ಇರುವುದು ಮಯೋಸಿನ್‌ನ ಕತ್ತಿನಲ್ಲಿಯೇ. ಅಲ್ಲಿ ಸುತ್ತಿಕೊಂಡಿರುವ ಸಣ್ಣ ಪ್ರೋಟೀನುಗಳಲ್ಲಿ ಸುಮಾರು 20,000 ಡಾಲ್ಟನ್ ತೂಕದ ನಿಯಂತ್ರಕ ಸರಪಳಿ ಎಂಬುದೊಂದಿದೆ. ಅದರ 19ನೆಯ ಸ್ಥಾನದಲ್ಲಿರುವ ಸೆರೀನ್ ಎಂಬ ಅಮೈನೊ ಆಮ್ಲದ ಮೇಲೆ ಒಂದು ಫಾಸ್ಫೇಟು ಬಂದು ಕೂತ ಮೇಲಷ್ಟೇ ಮಯೋಸಿನ್ ಆಕ್ಟಿನ್ನನ್ನು ಹಿಡಿದು ಎಳೆಯತೊಡಗುತ್ತದೆ. ಅಲ್ಲಿಯವರೆಗೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಎಟಿಪಿ ಎಂಬ ಅಣು ಪಕ್ಕದಲ್ಲೇ ಇದ್ದರೂ ಅದು ಸುಮ್ಮನಿರುತ್ತದೆ.

ಕ್ಯಾಲ್ಸಿಯಂನ ಕೆಲಸ ಆ ಫಾಸ್ಫೇಟನ್ನು ಅಂಟಿಸುವ ಕಿಣ್ವವನ್ನು ಎಬ್ಬಿಸುವುದು. ಜೀವಕೋಶ ವಿಶ್ರಾಂತಿಯಲ್ಲಿದ್ದಾಗ ಅದರೊಳಗಿನ ಬಿಡಿ ಕ್ಯಾಲ್ಸಿಯಂ ಹೊರಗಿನದರ ಹತ್ತು ಸಾವಿರದಲ್ಲೊಂದು ಪಾಲು ಮಾತ್ರ. ಹೊರಗಿನಿಂದ ನಾಲೆಗಳ ಮೂಲಕ ನುಗ್ಗಿಯೋ ಒಳಗಿನ ಸಂಗ್ರಹದಿಂದ ಹೊರಬಿದ್ದೋ ಅದು ಕೆಲವು ಪಟ್ಟು ಏರಿದಾಗ ಕ್ಯಾಲ್ಮೊಡ್ಯುಲಿನ್ ಎಂಬ ಪ್ರೋಟೀನು ನಾಲ್ಕು ಕ್ಯಾಲ್ಸಿಯಂ ಅಯಾನುಗಳನ್ನು ಹಿಡಿದುಕೊಂಡು ಆಕಾರ ಬದಲಿಸುತ್ತದೆ, ಮಯೋಸಿನ್ ಲೈಟ್ ಚೈನ್ ಕೈನೇಸ್ ಎಂಬ ಕಿಣ್ವವನ್ನು ಅಪ್ಪಿಕೊಳ್ಳುತ್ತದೆ, ಆ ಕಿಣ್ವ ಎಟಿಪಿಯಿಂದ ಒಂದು ಫಾಸ್ಫೇಟನ್ನು ತೆಗೆದು ಮಯೋಸಿನ್‌ನ ಕತ್ತಿಗೆ ಅಂಟಿಸುತ್ತದೆ. ಇಷ್ಟು ಕೈ ದಾಟಿ ಬರಬೇಕಾದ ಅಪ್ಪಣೆಯಾದ್ದರಿಂದಲೇ ನಯಸ್ನಾಯು ನಿಧಾನಿ. ಕಣ್ಣುರೆಪ್ಪೆ ಬಡಿದು ಮುಗಿಯುವಷ್ಟರಲ್ಲಿ ಕರುಳಿನ ಸ್ನಾಯು ಇನ್ನೂ ಹೊರಡುವ ತಯಾರಿಯಲ್ಲಿರುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿತದ್ದಕ್ಕಿಂತ ಒಂದು ತಪ್ಪಿನಿಂದ ಕಲಿತದ್ದು ಹೆಚ್ಚು. ಔಷಧಶಾಸ್ತ್ರದ ಪ್ರಯೋಗ ಹೇಳಿಕೊಡುತ್ತಿದ್ದ ಕಾಲದಲ್ಲಿ ನಾವು ಗಿನಿಯಿಲಿಯ ಕರುಳಿನ ಎರಡು ಮೂರು ಸೆಂಟಿಮೀಟರ್ ತುಂಡನ್ನು 37 ಡಿಗ್ರಿಯ ಟೈರೋಡ್ ಎಂಬ ಉಪ್ಪುದ್ರಾವಣದಲ್ಲಿ ತೂಗುಹಾಕಿ, ಒಂದು ತುದಿಗೆ ನೂಲು ಕಟ್ಟಿ, ಆ ನೂಲನ್ನು ಸನ್ನೆಗೋಲಿಗೆ ಸೇರಿಸುತ್ತಿದ್ದೆವು. ಹೊಗೆ ಹಿಡಿಸಿ ಕಪ್ಪಾಗಿಸಿದ ಕಾಗದ ಸುತ್ತಿದ ಉರುಳೆಯ ಮೇಲೆ ಸನ್ನೆಗೋಲಿನ ಮೊನೆ ಬಿಳಿಗೆರೆ ಬರೆಯುತ್ತ ಹೋಗುತ್ತಿತ್ತು. ಕರುಳನ್ನು ಬಿಗಿಸುವ ಅಸಿಟೈಲ್ ಕೋಲಿನ್ ಎಂಬ ರಾಸಾಯನಿಕದ ಒಂದು ತೊಟ್ಟು ಬಿದ್ದರೆ ಗೆರೆ ಗುಡ್ಡದಂತೆ ಏರಿ, ತೊಳೆದರೆ ಇಳಿಯುತ್ತಿತ್ತು. ಒಂದು ದಿನ ಮೊದಲ ತೊಟ್ಟಿಗೆ ಗೆರೆ ಅರ್ಧ ಏರಿತು, ಎರಡನೆಯದಕ್ಕೆ ಕಾಲುಭಾಗ, ಮೂರನೆಯದಕ್ಕೆ ಅಲುಗಲೇ ಇಲ್ಲ. ಔಷಧ ಹಳತಾಗಿದೆಯೇನೋ ಎಂದು ಹೊಸ ಸೀಸೆ ಒಡೆದದ್ದೂ ಆಯಿತು. ಕೊನೆಗೆ ನೋಡಿದರೆ, ಲೀಟರಿಗೆ 0.2 ಗ್ರಾಂನಷ್ಟು ಹಾಕಬೇಕಾದ ಕ್ಯಾಲ್ಸಿಯಂ ಕ್ಲೋರೈಡು ಬೇರೆ ಬೀಕರಿನಲ್ಲಿ ಕರಗಿಸಿಟ್ಟಲ್ಲಿಯೇ ಇತ್ತು. ಮೊದಲೇ ಬೆರೆಸಿದರೆ ದ್ರಾವಣ ಬೆಳ್ಳಗೆ ಒಡೆಯುತ್ತದೆಂದು ಅದನ್ನು ಕಟ್ಟಕಡೆಗೆ ಸೇರಿಸುವ ಪದ್ಧತಿ. ಆ ದಿನ ಅದನ್ನು ಸೇರಿಸಲು ಮರೆತವನು ನಾನೇ. ಒಳಗಿನ ಸಂಗ್ರಹ ಇರುವಷ್ಟು ಹೊತ್ತು ಕರುಳು ಉತ್ತರ ಕೊಟ್ಟಿತು, ಅದು ಬರಿದಾದ ಮೇಲೆ ಸುಮ್ಮನಾಯಿತು. ಬೀಕರನ್ನು ಸುರಿದ ಸ್ವಲ್ಪ ಹೊತ್ತಿಗೆ ಮೊನೆ ಮತ್ತೆ ಮೇಲೇರಿತು. ಲಂಡನ್ನಿನ ಸಿಡ್ನಿ ರಿಂಗರ್‌ಗೂ ಹೀಗೆಯೇ ಆಗಿತ್ತು: ನಲ್ಲಿಯ ನೀರಿನಿಂದ ಮಾಡಿದ ಉಪ್ಪುದ್ರಾವಣದಲ್ಲಿ ಬಡಿಯುತ್ತಿದ್ದ ಕಪ್ಪೆಯ ಹೃದಯ ಭಟ್ಟಿಯಿಳಿಸಿದ ನೀರಿನಲ್ಲಿ ನಿಂತುಹೋದಾಗ, ನಲ್ಲಿಯ ನೀರಿನಲ್ಲಿದ್ದ ಕ್ಯಾಲ್ಸಿಯಮ್ಮೇ ಅದಕ್ಕೆ ಕಾರಣವೆಂದು ಅವರು 1883ರಲ್ಲಿ ಪ್ರಕಟಿಸಿದರು.

ಇನ್ನು ಪರೀಕ್ಷೆಯಲ್ಲಿ ಯಾರೂ ಕೇಳದ ಅರ್ಧಭಾಗ. ಕ್ಯಾಲ್ಸಿಯಂ ಇಳಿದರೆ ಅಂಟಿಸುವ ಕಿಣ್ವ ನಿಲ್ಲುತ್ತದೆಯೇ ಹೊರತು ಈಗಾಗಲೇ ಅಂಟಿರುವ ಫಾಸ್ಫೇಟು ತಾನಾಗಿ ಉದುರುವುದಿಲ್ಲ. ಅದನ್ನು ಕೀಳಲು ಮಯೋಸಿನ್ ಫಾಸ್ಫಟೇಸ್ ಎಂಬ ಇನ್ನೊಂದು ಕಿಣ್ವವಿದೆ, ಅದು ಎಂದೂ ಪೂರ್ತಿ ಮಲಗುವುದಿಲ್ಲ. ಯಾವುದೇ ಗಳಿಗೆಯಲ್ಲಿ ರಕ್ತನಾಳ ಎಷ್ಟು ಬಿಗಿದಿದೆ ಎಂಬುದು ಅಂಟಿಸುವವನ ವೇಗ ಮತ್ತು ಕೀಳುವವನ ವೇಗ, ಇವೆರಡರ ಲೆಕ್ಕಾಚಾರ. ಹೀಗಿರುವುದರಿಂದ ಕ್ಯಾಲ್ಸಿಯಂ ಒಂದಿಷ್ಟೂ ಏರದೆಯೂ ಸ್ನಾಯು ಬಿಗಿಯಬಹುದು. ಕೀಳುವವನ ಕೈ ಕಟ್ಟಿಹಾಕಿದರೆ ಸಾಕು. ಜೀವಕೋಶದೊಳಗೆ ಆ ಕೆಲಸವನ್ನು ಮಾಡುವುದು ರೋ ಕೈನೇಸ್ ಎಂಬ ಕಿಣ್ವ: ಅದು ಫಾಸ್ಫಟೇಸಿಗೇ ಒಂದು ಫಾಸ್ಫೇಟು ಅಂಟಿಸಿ ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಮಿದುಳಿನ ರಕ್ತಸ್ರಾವದ ನಂತರ ಅಲ್ಲಿಯ ನಾಳಗಳು ಸೆಟೆದುಕೊಳ್ಳುವುದನ್ನು ತಡೆಯಲು ಜಪಾನಿನಲ್ಲಿ 1995ರಿಂದ ಬಳಕೆಯಲ್ಲಿರುವ ಫಾಸುಡಿಲ್ ಎಂಬ ಔಷಧ ಹೊಡೆಯುವುದು ಈ ರೋ ಕೈನೇಸಿಗೆ. ನನ್ನ ಕೇಳಿದರೆ, ನಯಸ್ನಾಯುವಿನ ಪಾಠವನ್ನು ಕ್ಯಾಲ್ಸಿಯಂನಿಂದ ಶುರು ಮಾಡುವುದಕ್ಕಿಂತ ಈ ಕೀಳುವ ಕಿಣ್ವದಿಂದ ಶುರು ಮಾಡುವುದೇ ಮೇಲು.

ಪ್ರಶ್ನೆ: ತುಂಬಿದ ಕೊಡಪಾನವನ್ನು ಕೈ ಚಾಚಿ ಹಿಡಿದರೆ ಐದು ನಿಮಿಷದಲ್ಲಿ ಕೈ ಸೋಲುತ್ತದೆ. ರಕ್ತನಾಳಗಳು ಹುಟ್ಟಿದಂದಿನಿಂದ ಬಿಗಿದುಕೊಂಡೇ ಇರುತ್ತವಲ್ಲ, ಅವು ಏಕೆ ಸೋಲುವುದಿಲ್ಲ?
– ನಿವೃತ್ತ ಅಧ್ಯಾಪಕರು, ಮುಳ್ಳೇರಿಯ

ಉತ್ತರ: ತಮ್ಮ ಕಡೆಯಲ್ಲಿ ಮಳೆಗಾಲದ ನಡುವೆ ಅಡಿಕೆಗೆ ಮದ್ದು ಬಿಡುವವರನ್ನು ತಾವು ನೋಡಿಯೇ ಇರುತ್ತೀರಿ. ಮರ ಹತ್ತುವಾಗ ಅವರ ಕೈಕಾಲುಗಳೆಲ್ಲ ದುಡಿಯುತ್ತವೆ, ಬೆವರು ಇಳಿಯುತ್ತದೆ. ಮೇಲೆ ಹೋಗಿ ಹಗ್ಗ ಬಿಗಿದು ಅದರ ಮೇಲೆ ಕೂತ ಮೇಲೆ ಮೈಯ ಭಾರವನ್ನು ಹೊರುವುದು ಹಗ್ಗ. ಹತ್ತಿದಷ್ಟು ಶ್ರಮ ಕೂರುವುದಕ್ಕೆ ಬೇಕಾಗುವುದಿಲ್ಲ. ನಯಸ್ನಾಯು ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಮೊದಲು ಕ್ಯಾಲ್ಸಿಯಂ ಏರಿ, ಫಾಸ್ಫೇಟುಗಳು ಬೇಗಬೇಗನೆ ಅಂಟಿ, ಮಯೋಸಿನ್ ಎಳೆದು ಬಿಟ್ಟು ಎಳೆದು ಬಿಟ್ಟು ಬಿಗಿತ ಬರುತ್ತದೆ. ಆಮೇಲೆ ಕ್ಯಾಲ್ಸಿಯಂ ಸ್ವಲ್ಪ ಇಳಿದು ಫಾಸ್ಫೇಟಿನ ಪ್ರಮಾಣವೂ ತಗ್ಗುತ್ತದೆ, ಆದರೆ ಬಿಗಿತ ಮಾತ್ರ ಹಾಗೆಯೇ ನಿಲ್ಲುತ್ತದೆ. ಅಮೆರಿಕದ ರಿಚರ್ಡ್ ಮರ್ಫಿ ಮತ್ತು ಜತೆಗಾರರು ಹಂದಿಯ ಕತ್ತಿನ ಅಪಧಮನಿಯಲ್ಲಿ ಇದನ್ನು ಅಳೆದು 1981ರಲ್ಲಿ ಪ್ರಕಟಿಸಿದರು. ಈ ಸ್ಥಿತಿಗೆ ಲ್ಯಾಚ್ ಎಂದು ಹೆಸರು, ಅಂದರೆ ಚಿಲಕ. ಆಕ್ಟಿನ್ನನ್ನು ಹಿಡಿದುಕೊಂಡಿರುವಾಗಲೇ ಫಾಸ್ಫೇಟು ಕಿತ್ತುಹೋದ ಮಯೋಸಿನ್ ತನ್ನ ಹಿಡಿತವನ್ನು ಬಹಳ ನಿಧಾನವಾಗಿ ಬಿಡುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ, ಅದರ ಒಳಗುಟ್ಟಿನ ಬಗ್ಗೆ ವಾದಗಳು ಇನ್ನೂ ನಡೆದಿವೆ. ಪರಿಣಾಮವಂತೂ ಸ್ಪಷ್ಟ: ಅಷ್ಟೇ ಬಿಗಿತವನ್ನು ಹಿಡಿದಿಡಲು ಪಟ್ಟೆಸ್ನಾಯು ಖರ್ಚು ಮಾಡುವ ಶಕ್ತಿಯ ಹತ್ತರಲ್ಲೊಂದರಿಂದ ಮುನ್ನೂರರಲ್ಲೊಂದು ಪಾಲಿನಲ್ಲಿ ನಯಸ್ನಾಯು ಕೆಲಸ ಮುಗಿಸುತ್ತದೆ.

ಪ್ರಶ್ನೆ: ನನಗೆ ದಮ್ಮು ಇದೆ. ಪಂಪು ಎಳೆದರೆ ಐದು ನಿಮಿಷದಲ್ಲಿ ಆರಾಮ, ಆದರೆ ಕೈ ನಡುಗುತ್ತದೆ. ಹಸಿ ಅಡಿಕೆ ಹಾಕಿಕೊಂಡ ದಿನ ಬೆವರಿ ಎದೆ ಕಟ್ಟಿದ ಹಾಗಾಗುತ್ತದೆ. ಅಡಿಕೆಗೂ ಇದಕ್ಕೂ ಸಂಬಂಧವಿದೆಯೇ? ಮನೆಯಲ್ಲಿ ಆಡುಸೋಗೆ ಕಷಾಯ ಕುಡಿಯಲು ಹೇಳುತ್ತಾರೆ.
– ಕೃಷಿಕರು, ಬದಿಯಡ್ಕ

ಉತ್ತರ: ಸಂಬಂಧ ಇದೆ, ನೇರವಾಗಿಯೇ ಇದೆ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಕ್ಷಾರ, ನರಗಳ ತುದಿಯಿಂದ ಬರುವ ಅಸಿಟೈಲ್ ಕೋಲಿನ್‌ನ ವೇಷ ಹಾಕಿಕೊಂಡು ಅದು ಕೂರುವ ಮಸ್ಕರಿನಿಕ್ ಗ್ರಾಹಕಗಳ (ಜೀವಕೋಶದ ಮೇಲೆ ಇಂಥ ಸಂದೇಶಗಳನ್ನು ಹಿಡಿಯುವ ಪ್ರೋಟೀನುಗಳ) ಮೇಲೆಯೇ ಕೂರುತ್ತದೆ. ಹಸಿ ಅಡಿಕೆ ಸೊಕ್ಕಿದಾಗ ಬೆವರು, ಬಾಯಲ್ಲಿ ನೀರು, ತಲೆ ತಿರುಗುವುದು ಎಲ್ಲ ಒಟ್ಟಿಗೆ ಬರುವುದನ್ನು ನಮ್ಮಲ್ಲಿ ಅನುಭವಿಸದವರು ಕಡಿಮೆ. ಅವುಗಳಲ್ಲಿ ಬೆವರು ಮತ್ತು ಜೊಲ್ಲು ಗ್ರಂಥಿಗಳ ಮೇಲಿರುವ ಈ ಗ್ರಾಹಕಗಳ ಕೆಲಸ. ಶ್ವಾಸನಾಳದ ನಯಸ್ನಾಯುವಿನ ಮೇಲೆಯೂ ಅವೇ ಇವೆ. ಅಲ್ಲಿ ಅವು ಕೆರಳಿದಾಗ ಜೀವಕೋಶದ ಪೊರೆಯ ಒಂದು ಕೊಬ್ಬು ಒಡೆದು ಐಪಿ3 ಎಂಬ ಸಣ್ಣ ಅಣು ಹುಟ್ಟುತ್ತದೆ, ಅದು ಒಳಗಿನ ಸಂಗ್ರಹದ ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ಹೊರಬೀಳುತ್ತದೆ, ಮುಂದಿನದು ಮೇಲೆ ಕುಂಬಳೆಯ ವಿದ್ಯಾರ್ಥಿನಿಗೆ ಹೇಳಿದ ಕಥೆಯೇ. ದಮ್ಮಿಲ್ಲದವರ ಶ್ವಾಸನಾಳ ಇಷ್ಟಕ್ಕೆ ಜಗ್ಗುವುದಿಲ್ಲ. ದಮ್ಮಿರುವವರದು ಸಣ್ಣ ಚುಚ್ಚಿಗೂ ಸೆಟೆದುಕೊಳ್ಳುವ ಸ್ವಭಾವದ್ದು. ಅಡಿಕೆ ಬೆಳೆಯುವವರಿಗೆ ಅಡಿಕೆ ಬಿಡಿ ಎಂದು ಹೇಳುವುದು ಸುಲಭವಲ್ಲವಾದರೂ ನಿಮಗೆ ಹೇಳಲೇಬೇಕಾಗಿದೆ.

ನಿಮ್ಮ ಪಂಪಿನಲ್ಲಿರುವುದು ಸಾಲ್ಬುಟಮಾಲ್ ಇರಬೇಕು. ಅದು ಬೀಟಾ-2 ಎಂಬ ಬೇರೆಯೇ ಗ್ರಾಹಕವನ್ನು ಹಿಡಿದು ಜೀವಕೋಶದೊಳಗೆ ಸೈಕ್ಲಿಕ್ ಎಎಂಪಿಯನ್ನು ಹೆಚ್ಚಿಸುತ್ತದೆ. ಹೊರಗಿನ ಹಾರ್ಮೋನಿನ ಮಾತನ್ನು ಜೀವಕೋಶದ ಒಳಗೆ ಮುಟ್ಟಿಸುವ ಈ ಅಣುವನ್ನು ಗುರುತಿಸಿದ್ದಕ್ಕೆ ಅರ್ಲ್ ಸದರ್ಲ್ಯಾಂಡ್‌ಗೆ 1971ರ ನೊಬೆಲ್ ಬಂತು. ಅದು ಹೆಚ್ಚಾದಾಗ ಕ್ಯಾಲ್ಸಿಯಂ ತಗ್ಗುತ್ತದೆ, ಅಂಟಿಸುವ ಕಿಣ್ವದ ಚುರುಕೂ ಕುಗ್ಗುತ್ತದೆ, ನಾಳ ಸಡಿಲವಾಗುತ್ತದೆ. ಕೈಯ ಪಟ್ಟೆಸ್ನಾಯುವಿನಲ್ಲಿಯೂ ಬೀಟಾ-2 ಗ್ರಾಹಕಗಳಿರುವುದರಿಂದ ನಡುಕ. ಆದರೆ ಈ ಪಂಪಿನ ಆರಾಮ ನಾಲ್ಕರಿಂದ ಆರು ಗಂಟೆಯದು, ಅದೂ ಸ್ನಾಯುವಿಗೆ ಮಾತ್ರ. ನಾಳದ ಒಳಮೈಯ ಬಾವು ಇಳಿಯಬೇಕಾದರೆ ವೈದ್ಯರು ಕೊಡುವ ಸ್ಟೀರಾಯ್ಡ್ ಪಂಪನ್ನು, ತಕ್ಷಣಕ್ಕೆ ಏನೂ ಅನಿಸದಿದ್ದರೂ, ದಿನಾ ಎಳೆಯಲೇಬೇಕು. ವಾರಕ್ಕೆ ಹಲವು ಸಲ ಮೊದಲಿನ ಪಂಪೇ ಬೇಕಾಗುತ್ತಿದ್ದರೆ ಬಾವು ಹತೋಟಿಯಲ್ಲಿಲ್ಲವೆಂದು ತಿಳಿಯಿರಿ. ಆಡುಸೋಗೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಕಫ ಕರಗಿಸಲು ಕೊಡುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದೇ ಅದರ ಎಲೆಯಲ್ಲಿರುವ ವ್ಯಾಸಿಸಿನ್ ಎಂಬ ವಸ್ತುವಿನ ಮಾದರಿಯಲ್ಲಿ. ಹಾಗೆಂದು ದಮ್ಮು ಕಟ್ಟಿದ ರಾತ್ರಿ ಕಷಾಯ ಕುದಿಯುವುದನ್ನು ಕಾಯುತ್ತ ಕೂರಬಾರದು.

ಪ್ರಶ್ನೆ: ಅಮ್ಮನಿಗೆ ಅಮ್ಲೊಡಿಪಿನ್ ಐದು ಮಿಲಿಗ್ರಾಂ ಇದ್ದದ್ದನ್ನು ಹತ್ತು ಮಾಡಿದ ಮೇಲೆ ಬಿಪಿ ಇಳಿಯಿತು, ಆದರೆ ಸಂಜೆಯಾದರೆ ಪಾದ ಬಾತುಕೊಳ್ಳುತ್ತದೆ. ಮೂತ್ರಕ್ಕೆ ಹೋಗುವ ಮಾತ್ರೆ ತೆಗೆದುಕೊಂಡರೂ ಇಳಿಯುವುದಿಲ್ಲ. ಕಿಡ್ನಿಗೆ ಏನಾದರೂ ಆಗಿದೆಯೇ? ಈ ಮಾತ್ರೆ ಸ್ನಾಯುವನ್ನು ಸಡಿಲಿಸುವುದಾದರೆ ಕೈಕಾಲಿನ ಶಕ್ತಿ ಹೋಗುವುದಿಲ್ಲವೇ?
– ಗೃಹಿಣಿ, ಪೆರ್ಲ

ಉತ್ತರ: ಎರಡನೆಯ ಪ್ರಶ್ನೆ ನನಗೆ ಬಹಳ ಹಿಡಿಸಿತು, ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಅಮ್ಲೊಡಿಪಿನ್ ಮುಚ್ಚುವುದು ಜೀವಕೋಶದ ಪೊರೆಯಲ್ಲಿರುವ ಎಲ್ ಮಾದರಿಯ ಕ್ಯಾಲ್ಸಿಯಂ ನಾಲೆಯನ್ನು. ಕೈಕಾಲಿನ ಸ್ನಾಯುವಿನಲ್ಲಿಯೂ ಇಂಥ ನಾಲೆ ಇದೆ, ಆದರೆ ಅಲ್ಲಿ ಅದು ಒಳಗಿನ ಸಂಗ್ರಹದ ಬಾಗಿಲನ್ನು ನೇರವಾಗಿ ಎಳೆದು ತೆರೆಯುವ ಹಿಡಿಯಂತೆ ಕೆಲಸ ಮಾಡುತ್ತದೆ. ಹೊರಗಿನ ಕ್ಯಾಲ್ಸಿಯಂ ಒಳಗೆ ಬರಲೇಬೇಕೆಂದಿಲ್ಲ. ರಕ್ತನಾಳಕ್ಕೆ ಹಾಗಲ್ಲ, ಹೊರಗಿನಿಂದ ಬರುವುದನ್ನೇ ಅದು ಬಹುಪಾಲು ನೆಚ್ಚಿಕೊಂಡಿದೆ. ಆದ್ದರಿಂದ ಒಂದೇ ಮಾತ್ರೆ ನಾಳವನ್ನು ಸಡಿಲಿಸುತ್ತದೆ, ಅಮ್ಮ ಕೊಡಪಾನ ಎತ್ತುವುದಕ್ಕೆ ಅಡ್ಡಿ ಮಾಡುವುದಿಲ್ಲ. ಇದೇ ಗುಂಪಿನ ವೆರಪಮಿಲ್ ಮಾತ್ರೆಗೆ ಮಲಬದ್ಧತೆ ಬರುವುದು ಕರುಳಿನ ನಯಸ್ನಾಯುವೂ ಸ್ವಲ್ಪ ಸಡಿಲಗೊಳ್ಳುವುದರಿಂದ.

ಬಿಪಿ ಇಷ್ಟು ಚೆನ್ನಾಗಿ ಇಳಿಯುವುದೇಕೆಂದು ತಿಳಿಯಬೇಕಾದರೆ ತೋಟದ ಸ್ಪ್ರಿಂಕ್ಲರ್ ಪೈಪನ್ನು ನೆನಪಿಸಿಕೊಳ್ಳಿ. ಕೊಳವೆಯಲ್ಲಿ ಹರಿಯುವ ಪ್ರಮಾಣ ಅದರ ತ್ರಿಜ್ಯದ ನಾಲ್ಕನೆಯ ಘಾತವನ್ನು ಅನುಸರಿಸುವುದರಿಂದ, ಒತ್ತಡ ಅಷ್ಟೇ ಇದ್ದು ತ್ರಿಜ್ಯ ನೂರಕ್ಕೆ ಹತ್ತು ಕಿರಿದಾದರೆ ಹರಿವು ಮೂರರಲ್ಲೊಂದು ಪಾಲು ಕಡಿಮೆಯಾಗುತ್ತದೆ, ಅರ್ಧವಾದರೆ ಹದಿನಾರರಲ್ಲೊಂದು ಪಾಲು ಮಾತ್ರ ಉಳಿಯುತ್ತದೆ. ಸಣ್ಣ ಅಪಧಮನಿಗಳ ಸ್ನಾಯು ತುಸುವೇ ಸಡಿಲಿಸಿದರೂ ಲೆಕ್ಕ ದೊಡ್ಡದಾಗುತ್ತದೆ. ಆದರೆ ಈ ಮಾತ್ರೆ ಲೋಮನಾಳಕ್ಕೆ, ಅಂದರೆ ಅತಿ ಸಣ್ಣ ರಕ್ತನಾಳಕ್ಕೆ, ರಕ್ತ ತರುವ ಬದಿಯನ್ನು ಅಗಲಿಸಿದಷ್ಟು, ರಕ್ತ ಕೊಂಡೊಯ್ಯುವ ಅಭಿಧಮನಿಯ ಬದಿಯನ್ನು ಅಗಲಿಸುವುದಿಲ್ಲ. ನಡುವಿನ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ನೀರು ಹೊರಗೆ ಜಿನುಗುತ್ತದೆ, ಹಗಲೆಲ್ಲ ನಿಂತು ಕೆಲಸ ಮಾಡುವವರಿಗೆ ಸಂಜೆ ಅದು ಪಾದದಲ್ಲಿ ಶೇಖರವಾಗುತ್ತದೆ. ಮೈಯಲ್ಲಿ ನೀರು ಹೆಚ್ಚಾಗಿ ಬಂದ ಬಾವು ಇದಲ್ಲವಾದ್ದರಿಂದಲೇ ಮೂತ್ರದ ಮಾತ್ರೆಗೆ ಅದು ಬಗ್ಗಲಿಲ್ಲ. ಪ್ರಮಾಣ ಹೆಚ್ಚಿಸಿದ ಮೇಲೆ ಬಾವು ಬಂತು ಎಂಬ ನಿಮ್ಮ ಮಾತು ಮಾತ್ರೆಯ ಕಡೆಗೇ ಬೆರಳು ತೋರಿಸುತ್ತದೆಯಾದರೂ, ಕಿಡ್ನಿ, ಹೃದಯಗಳನ್ನು ಒಮ್ಮೆ ಪರೀಕ್ಷೆ ಮಾಡಿಸದೆ ಹಾಗೆಂದು ತೀರ್ಮಾನಿಸುವುದು ಬೇಡ. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಪ್ರಮಾಣ ತಗ್ಗಿಸಿ, ಅಭಿಧಮನಿಯ ಬದಿಯನ್ನೂ ಸಡಿಲಿಸುವ ಇನ್ನೊಂದು ಗುಂಪಿನ ಮಾತ್ರೆಯನ್ನು ಜತೆಗೆ ಕೊಡುವ ದಾರಿ ವೈದ್ಯರಿಗೆ ಗೊತ್ತಿದೆ, ಬಾವಿನ ವಿಷಯವನ್ನು ಅವರಿಗೆ ಹೇಳಬೇಕಷ್ಟೆ.

ಪ್ರಶ್ನೆ: ಎದೆನೋವು ಬಂದಾಗ ನಾಲಿಗೆಯಡಿ ಇಡಲು ಸಾರ್ಬಿಟ್ರೇಟ್ ಕೊಟ್ಟಿದ್ದಾರೆ. ಇದನ್ನು ಇಟ್ಟುಕೊಂಡಿರುವವರು ಪುರುಷರ ‘ಆ’ ಮಾತ್ರೆ ತೆಗೆದುಕೊಳ್ಳಬಾರದೆಂದು ಕೇಳಿದ್ದೇನೆ. ವೈದ್ಯರಲ್ಲಿ ಕೇಳಲು ಸಂಕೋಚ.
– ಹೆಸರು ಬೇಡ, ಮಂಜೇಶ್ವರ

ಉತ್ತರ: ಸಂಕೋಚ ಬಿಟ್ಟು ಕೇಳಬೇಕಾದ ವಿಚಾರವೇ ಇದು. ಸಾರ್ಬಿಟ್ರೇಟ್ ಮೈಯೊಳಗೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತದೆ. ರಕ್ತನಾಳದ ಒಳಪದರ ತಾನೇ ಈ ಅನಿಲವನ್ನು ತಯಾರಿಸುತ್ತದೆ ಎಂಬುದು ತಿಳಿದ ಬಗೆ ಸ್ವಾರಸ್ಯವಾದದ್ದು. ರಾಬರ್ಟ್ ಫರ್ಚ್‌ಗಾಟ್‌ರ ಪ್ರಯೋಗಶಾಲೆಯಲ್ಲಿ ಮೊಲದ ಮಹಾಪಧಮನಿಯ ಪಟ್ಟಿಗೆ ಅಸಿಟೈಲ್ ಕೋಲಿನ್ ಹಾಕಿದರೆ ಕೆಲವೊಮ್ಮೆ ಸಡಿಲವಾಗುತ್ತಿತ್ತು, ಕೆಲವೊಮ್ಮೆ ಬಿಗಿಯುತ್ತಿತ್ತು. ಕತ್ತರಿಸುವಾಗ ಒಳಮೈ ಎಲ್ಲಿಗೋ ಉಜ್ಜಿಹೋದ ಪಟ್ಟಿಗಳು ಮಾತ್ರ ಸಡಿಲಗೊಳ್ಳುತ್ತಿರಲಿಲ್ಲ. ಒಳಪದರ ಸ್ನಾಯುವಿಗೆ ಏನನ್ನೋ ಕಳುಹಿಸುತ್ತಿದೆ ಎಂದು ಅವರು 1980ರಲ್ಲಿ ಪ್ರಕಟಿಸಿದರು, ಆ ‘ಏನೋ’ ನೈಟ್ರಿಕ್ ಆಕ್ಸೈಡ್ ಎಂದು ಮುಂದೆ ತಿಳಿಯಿತು. 1998ರಲ್ಲಿ ಫರ್ಚ್‌ಗಾಟ್, ಇಗ್ನಾರೊ, ಮ್ಯುರಾಡ್ ಮೂವರಿಗೆ ನೊಬೆಲ್ ಸಿಕ್ಕಿತು. ನೈಟ್ರೊಗ್ಲಿಸರಿನ್‌ನಿಂದ ಡೈನಮೈಟ್ ಮಾಡಿ ಹಣ ಗಳಿಸಿದ ನೊಬೆಲರಿಗೇ ಕೊನೆಗಾಲದಲ್ಲಿ ಎದೆನೋವಿಗೆ ಅದನ್ನು ಔಷಧವಾಗಿ ಸೂಚಿಸಿದ್ದರು.

ಈ ಅನಿಲ ಸ್ನಾಯುವಿನೊಳಗೆ ಸೈಕ್ಲಿಕ್ ಜಿಎಂಪಿಯನ್ನು, ಅಂದರೆ ಸೈಕ್ಲಿಕ್ ಎಎಂಪಿಯಂಥದೇ ಇನ್ನೊಂದು ಅಣುವನ್ನು, ಹೆಚ್ಚಿಸುತ್ತದೆ. ಅದು ಒಂದೆಡೆ ಕ್ಯಾಲ್ಸಿಯಂ ಇಳಿಸಿ, ಇನ್ನೊಂದೆಡೆ ಮೊದಲ ಉತ್ತರದಲ್ಲಿ ಹೇಳಿದ ಕೀಳುವ ಕಿಣ್ವವನ್ನು ಚುರುಕುಗೊಳಿಸುತ್ತದೆ. ನೀವು ಕೇಳಿದ ‘ಆ’ ಮಾತ್ರೆಗಳು, ಅಂದರೆ ಸಿಲ್ಡೆನಾಫಿಲ್ ಗುಂಪಿನವು, ಸೈಕ್ಲಿಕ್ ಜಿಎಂಪಿ ಒಡೆದುಹೋಗದಂತೆ ತಡೆಯುತ್ತವೆ. ಒಂದು ಹುಟ್ಟಿಸುವುದು, ಇನ್ನೊಂದು ಸಾಯಲು ಬಿಡದಿರುವುದು. ಎರಡೂ ಸೇರಿದರೆ ಮೈಯ ರಕ್ತನಾಳಗಳೆಲ್ಲ ಒಮ್ಮೆಲೇ ಸಡಿಲವಾಗಿ ಬಿಪಿ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆಯೊಳಗೆ, ಟಾಡಲಾಫಿಲ್ ಆದರೆ 48 ಗಂಟೆಯೊಳಗೆ ಸಾರ್ಬಿಟ್ರೇಟ್ ಇಡಬಾರದು. ಎದೆನೋವು ಯಾವಾಗ ಬರುತ್ತದೆಂದು ಹೇಳಲಾಗದ್ದರಿಂದ ನಿಮ್ಮಂಥವರಿಗೆ ಆ ಮಾತ್ರೆಯೇ ಬೇಡ. ಆಸ್ಪತ್ರೆಗೆ ಹೋಗಬೇಕಾಗಿ ಬಂದರೆ, ತೆಗೆದುಕೊಂಡದ್ದನ್ನು ಮುಚ್ಚಿಡಬೇಡಿ.

ಪ್ರಶ್ನೆ: ಮುಟ್ಟಿನ ಹೊಟ್ಟೆನೋವಿಗೆ ಮೆಫೆನಾಮಿಕ್ ಆಮ್ಲ ಮತ್ತು ಡ್ರೊಟಾವೆರಿನ್ ಎರಡೂ ಸೇರಿದ ಮಾತ್ರೆ ಕೊಟ್ಟಿದ್ದಾರೆ. ಎರಡೇಕೆ?
– ಕಾಲೇಜು ವಿದ್ಯಾರ್ಥಿನಿ, ಕಾಸರಗೋಡು

ಉತ್ತರ: ಗರ್ಭಕೋಶದ ಒಳಪದರ ಕಳಚುವಾಗ ಹುಟ್ಟುವ ಪ್ರೊಸ್ಟಾಗ್ಲ್ಯಾಂಡಿನ್ ಎಂಬ ರಾಸಾಯನಿಕಗಳು ಅಲ್ಲಿಯ ನಯಸ್ನಾಯುವನ್ನು ಹಿಂಡಿಸುತ್ತವೆ, ಬಿಗಿದ ಸ್ನಾಯು ತನಗೆ ಬರುವ ರಕ್ತವನ್ನೂ ತಡೆಯುವುದರಿಂದ ನೋವು. ಮೆಫೆನಾಮಿಕ್ ಆಮ್ಲ ಪ್ರೊಸ್ಟಾಗ್ಲ್ಯಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ. ಡ್ರೊಟಾವೆರಿನ್ ಸೈಕ್ಲಿಕ್ ಎಎಂಪಿ ಒಡೆಯದಂತೆ ನೋಡಿಕೊಂಡು ಸ್ನಾಯುವನ್ನು ಸಡಿಲಿಸುತ್ತದೆ. ಮೊದಲನೆಯದರ ಮುಖ್ಯ ಕೆಲಸ ಪ್ರೊಸ್ಟಾಗ್ಲ್ಯಾಂಡಿನ್ ತಯಾರಾಗುವುದನ್ನು ತಡೆಯುವುದೇ ಆದ್ದರಿಂದ ನೋವು ಏರಿದ ಮೇಲೆ ನುಂಗುವುದಕ್ಕಿಂತ ಶುರುವಾಗುತ್ತಿದ್ದಂತೆಯೇ, ಊಟದ ನಂತರ, ತೆಗೆದುಕೊಳ್ಳುವುದು ಒಳ್ಳೆಯದು. ಹೊಟ್ಟೆಯ ಹುಣ್ಣು ಅಥವಾ ದಮ್ಮು ಇದ್ದರೆ ಮೆಫೆನಾಮಿಕ್ ಆಮ್ಲ ತೊಂದರೆ ಕೊಡಬಹುದು, ವೈದ್ಯರಿಗೆ ಮೊದಲೇ ತಿಳಿಸಿ.